ನಾಲ್ಕು ಚಕ್ರಗಳಿಗೆ ಬಲವಿದ್ದರೆ ಸಾಲದು: ಮಲೆನಾಡಿನ ಕಚ್ಚಾ ರಸ್ತೆಗಳಿಗೆ ಚಾಲಕರ ತರಬೇತಿ

(ಮುಂಗಾರು ಪೂರ್ವಸಿದ್ಧತಾ ಸಭೆಯಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಪಠ್ಯ. ಜಿಲ್ಲೆಯ ಎಲ್ಲ ಗ್ರಾಮ ಪಂಚಾಯತಿಗಳ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಮುಂಗಾರು ಪೂರ್ವಸಿದ್ಧತೆ ಎಂದೊಡನೆ ನಾವು ಚರಂಡಿ, ಮೋರಿ, ಕಾಲುಸಂಕ, ಒಣಗಿದ ಮರ, ವಿದ್ಯುತ್ ಕಂಬ ಇವುಗಳ ಪಟ್ಟಿಯನ್ನು ಸಿದ್ಧಪಡಿಸುತ್ತೇವೆ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೇರದಿರುವ ಒಂದು ವಿಷಯವನ್ನು ತಮ್ಮ ಮುಂದಿಡಲು ಬಯಸುತ್ತೇನೆ. ಅದು ಚಾಲಕರ ಕೌಶಲ. ಅದರಲ್ಲಿಯೂ ಫೋರ್ ವೀಲ್ ವಾಹನಗಳನ್ನು ಡಾಂಬರಿಲ್ಲದ ಹಾದಿಯಲ್ಲಿ ನಡೆಸುವವರಿಗೆ ನೀಡಬೇಕಾದ ತರಬೇತಿ.

ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಭಾಗಗಳಲ್ಲಿ ಡಾಂಬರು ರಸ್ತೆ ಮುಗಿದ ಮೇಲೆಯೂ ಊರು ಮುಗಿಯುವುದಿಲ್ಲ. ಅಲ್ಲಿಂದಾಚೆ ತೋಟದ ಹಾದಿ, ಹಳ್ಳದ ದಾಟು, ಗುಡ್ಡದ ಏರು, ಆಮೇಲೆ ನಾಲ್ಕಾರು ಮನೆಗಳು. ಬಾಣಂತಿಯನ್ನು ಕರೆತರುವುದು, ಪಡಿತರ ತಲುಪಿಸುವುದು, ಮತಗಟ್ಟೆ ಸಿಬ್ಬಂದಿಯನ್ನು ಕರೆದೊಯ್ಯುವುದು, ಕಾರ್ಮಿಕರನ್ನು ತೋಟಕ್ಕೆ ಬಿಡುವುದು, ಇವೆಲ್ಲವೂ ಆ ಹಾದಿಯಲ್ಲಿ ಒಂದು ಜೀಪು ಮತ್ತು ಅದರ ಚಾಲಕನ ಮೇಲೆ ನಿಂತಿವೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಭೂಕುಸಿತವಾಗಿ ಸಂಚಾರ ನಿಂತುದನ್ನೂ, ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂತಹ ಊರುಗಳು ಅನುಭವಿಸಿದ ನಷ್ಟವನ್ನೂ ಇಲ್ಲಿರುವವರು ಮರೆತಿಲ್ಲ. ಅಂತಹ ದಿನಗಳಲ್ಲಿ ಮುಖ್ಯರಸ್ತೆಯೇ ಕಚ್ಚಾ ರಸ್ತೆಯಾಗುತ್ತದೆ.

ಆದರೆ ನಮ್ಮ ಚಾಲಕರು ಪರವಾನಗಿ ಪಡೆಯುವುದು ಪರೀಕ್ಷಾ ಪಥದಲ್ಲಿ ಎಂಟರ ಆಕಾರ ಸುತ್ತಿ, ಹಿಂದಕ್ಕೆ ತೆಗೆದು, ರಸ್ತೆಯ ಸಂಕೇತಗಳನ್ನು ಗುರುತಿಸಿ. ಅದು ಅಗತ್ಯವೇ. ಆದರೆ ಕೆಸರಿನ ಇಳಿಜಾರಿನಲ್ಲಿ ಕಾಲು ಎಲ್ಲಿರಬೇಕು, ಹರಿಯುವ ಹಳ್ಳದ ಮುಂದೆ ಏನನ್ನು ಅಳೆಯಬೇಕು, ಹೂತ ವಾಹನವನ್ನು ಯಾರಿಗೂ ಪೆಟ್ಟಾಗದಂತೆ ಎಳೆಯುವುದು ಹೇಗೆ ಎಂಬುದನ್ನು ಆ ಪರೀಕ್ಷೆ ಕೇಳುವುದಿಲ್ಲ. ಆ ಪಾಠವನ್ನು ಚಾಲಕನು ಹಾದಿಯಲ್ಲಿಯೇ, ಪ್ರಯಾಣಿಕರನ್ನು ಕೂರಿಸಿಕೊಂಡೇ ಕಲಿಯಬೇಕಾಗಿದೆ.

ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ನಾನು ಎಂಜಿನಿಯರಿಂಗ್ ಓದಿ ಈ ಸೇವೆಗೆ ಬಂದವನು. ಆದ್ದರಿಂದ ಯಂತ್ರದ ಮಾತನ್ನು ಸ್ವಲ್ಪ ವಿವರಿಸಲು ಅನುಮತಿ ಕೋರುತ್ತೇನೆ. ಫೋರ್ ವೀಲ್ ಹಾಕಿದಾಗ ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಗಳಿಗೆ ಮಾತ್ರವಲ್ಲದೆ ಮುಂದಿನ ಎರಡಕ್ಕೂ ಹೋಗುತ್ತದೆ. ಇದರಿಂದ ಎಳೆತ ಹೆಚ್ಚುತ್ತದೆ. ಬ್ರೇಕ್ ಹೆಚ್ಚುವುದಿಲ್ಲ. ಬ್ರೇಕ್ ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಹತ್ತುವಾಗ ಫೋರ್ ವೀಲ್ ಕೊಟ್ಟ ಧೈರ್ಯವನ್ನು ನಿಲ್ಲಿಸುವಾಗಲೂ ನಂಬಿದರೆ ವಾಹನ ಜಾರುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ ಎಂಬ ನಿಯಮ ಒಂದು ಚಕ್ರಕ್ಕೂ ವಿನಾಯಿತಿ ಕೊಟ್ಟಿಲ್ಲ.

ಎರಡನೆಯದು ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕಾದುದರಿಂದ ಈ ವ್ಯವಸ್ಥೆ ಇದೆ. ಸಾಮಾನ್ಯ ಡಿಫರೆನ್ಷಿಯಲ್ ಎಡಕ್ಕೂ ಬಲಕ್ಕೂ ಸಮಾನ ತಿರುಚುಬಲವನ್ನು ಹಂಚುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬಲವೇ ಬೇಡ. ಹಾಗಾಗಿ ನೆಲ ಹಿಡಿದಿರುವ ಇನ್ನೊಂದು ಚಕ್ರಕ್ಕೂ ಬಲ ಸಿಗುವುದಿಲ್ಲ. ಗೊರಕಲು ಹಾದಿಯಲ್ಲಿ ಮುಂದಿನ ಎಡ ಚಕ್ರ ಹಾಗೂ ಹಿಂದಿನ ಬಲ ಚಕ್ರ ಏಕಕಾಲಕ್ಕೆ ಮೇಲೆದ್ದರೆ, ಲಾಕ್ ಆಗುವ ಡಿಫರೆನ್ಷಿಯಲ್ ಇಲ್ಲದ ಜೀಪು ಫೋರ್ ವೀಲ್‌ನಲ್ಲಿದ್ದರೂ ನಿಂತಲ್ಲೇ ನಿಲ್ಲುತ್ತದೆ. ಆಗ ಆಕ್ಸಿಲರೇಟರ್ ತುಳಿದರೆ ಚಕ್ರ ಹೊಂಡ ತೋಡುತ್ತದೆಯೇ ಹೊರತು ವಾಹನ ಮುಂದೆ ಹೋಗುವುದಿಲ್ಲ. ಚಕ್ರ ಎಲ್ಲಿ ಇಡಬೇಕು ಎಂಬ ಆಯ್ಕೆಯೇ ಇಲ್ಲಿ ಮುಖ್ಯ. ಇಳಿದು, ಹಾದಿಯನ್ನು ನಡೆದು ನೋಡಿ, ಆಮೇಲೆ ಹೊರಡುವುದು ತರಬೇತಿಯ ಮೊದಲನೆಯ ಪಾಠ.

ಮೂರನೆಯದು ಲೋ ಗೇರ್. ಅನೇಕ ವಾಹನಗಳಲ್ಲಿ ಇದು ಚಕ್ರದ ವೇಗವನ್ನು ಸುಮಾರು ಎರಡೂವರೆ ಪಟ್ಟು ತಗ್ಗಿಸಿ, ಬಲವನ್ನು ಅಷ್ಟೇ ಪಟ್ಟು ಹೆಚ್ಚಿಸುತ್ತದೆ. ಬಹಳ ಮಂದಿ ಇದನ್ನು ಹೂತ ಮೇಲೆ ಹಾಕುತ್ತಾರೆ. ಹಾಕಬೇಕಾದುದು ಹೂಳುವ ಮೊದಲು. ಹಾಗೆಯೇ ಬೇಕಾದಾಗ ಮಾತ್ರ ಹಾಕುವ ಮಾದರಿಯ ಫೋರ್ ವೀಲ್ ಅನ್ನು ಒಣ ಡಾಂಬರಿನ ಮೇಲೆ ಬಿಟ್ಟುಕೊಂಡು ಓಡಿಸಬಾರದು. ತಿರುವುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಬೇರೆ ಬೇರೆ ದೂರ ಕ್ರಮಿಸುವುದರಿಂದ ಒಳಗಿನ ಭಾಗಗಳು ಒಂದಕ್ಕೊಂದು ತಿರುಚಿಕೊಂಡು ಸವೆಯುತ್ತವೆ. ಗ್ಯಾರೇಜಿನ ಬಿಲ್ಲು ಪಂಚಾಯತಿಗೆ ಬರುವುದು ಹೀಗೆಯೂ ಉಂಟು.

ಏರು ಮತ್ತು ಇಳಿಜಾರು

ನಮ್ಮಲ್ಲಿ ಏರಿಗಿಂತ ಇಳಿಜಾರು ಅಪಾಯಕಾರಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವ ಅಭ್ಯಾಸ ಕೆಲವು ಕಡೆ ಇದೆ. ಆಗ ವಾಹನದ ಪೂರ್ಣ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದಂತೆ ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಕುದಿದರಂತೂ ಪೆಡಲ್ ತುಳಿದರೂ ಫಲವಿಲ್ಲ. ಸರಿಯಾದ ಕ್ರಮವೆಂದರೆ ಇಳಿಜಾರಿನ ತಲೆಯಲ್ಲಿಯೇ ನಿಲ್ಲಿಸಿ, ಲೋ ಗೇರಿನ ಒಂದನೆಯ ಅಥವಾ ಎರಡನೆಯ ಗೇರ್ ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದು, ಎಂಜಿನ್ನಿಗೇ ವಾಹನವನ್ನು ಹಿಡಿಯಲು ಬಿಡುವುದು. ನಡು ಇಳಿಜಾರಿನಲ್ಲಿ ಕ್ಲಚ್ ತುಳಿದರೆ ಆ ಹಿಡಿತ ತಕ್ಷಣ ಕಳಚುತ್ತದೆ.

ಏರು ಹತ್ತುತ್ತಾ ಅರ್ಧದಲ್ಲಿ ನಿಂತುಹೋದಾಗ ಏನು ಮಾಡಬೇಕು? ತರಬೇತಿಯಿಲ್ಲದ ಕೈ ಸ್ಟಿಯರಿಂಗ್ ತಿರುಗಿಸಿ ಅಡ್ಡಲಾಗಿ ಹೊರಳಿಸಲು ನೋಡುತ್ತದೆ. ಅಡ್ಡ ನಿಂತ ಜೀಪಿನ ಭಾರವೆಲ್ಲ ಕೆಳಗಿನ ಬದಿಯ ಚಕ್ರಗಳ ಮೇಲೆ ಬೀಳುತ್ತದೆ. ಮೇಲ್ಛಾವಣಿಯ ಕ್ಯಾರಿಯರ್‌ನಲ್ಲಿ ಮೂಟೆಗಳಿದ್ದರೆ ಮಗುಚಲು ಹೆಚ್ಚೇನೂ ಬೇಕಿಲ್ಲ. ಬ್ರೇಕ್ ಹಿಡಿದು, ರಿವರ್ಸ್ ಗೇರ್ ಹಾಕಿ, ಹತ್ತಿದ ದಾರಿಯಲ್ಲಿಯೇ ನೇರವಾಗಿ ಹಿಂದಕ್ಕೆ ಇಳಿಯುವುದೇ ಸುರಕ್ಷಿತ. ಕೇಳಲು ಇದು ಸುಲಭ. ಹಿಂದೆ ಪ್ರಪಾತ ಕಾಣುತ್ತಿರುವಾಗ ಕೈಕಾಲು ಹಾಗೆ ನಡೆಯಬೇಕಾದರೆ, ಅಪಾಯವಿಲ್ಲದ ಒಂದು ದಿಣ್ಣೆಯ ಮೇಲೆ ಅದನ್ನು ಹತ್ತಾರು ಬಾರಿ ಮಾಡಿರಬೇಕು. ತರಬೇತಿಯ ಬೆಲೆ ಇರುವುದು ಇಲ್ಲಿ.

ಹರಿಯುವ ನೀರು

ಜಿಲ್ಲೆಯ ಮಳೆಗಾಲದಲ್ಲಿ ಅತಿ ಹೆಚ್ಚು ತಪ್ಪು ಅಂದಾಜು ನಡೆಯುವುದು ಹಳ್ಳದ ದಾಟಿನಲ್ಲಿ. ಒಂದು ಲೆಕ್ಕ ನೋಡೋಣ. 4 ಮೀಟರ್ ಉದ್ದ, 1.7 ಮೀಟರ್ ಅಗಲದ ವಾಹನದ ತಳದ ವಿಸ್ತೀರ್ಣ 6.8 ಚದರ ಮೀಟರ್. ನೀರು ಅದರ ತಳ ಮುಟ್ಟಿದ ಮೇಲೆ ಏರುವ ಪ್ರತಿ 10 ಸೆಂಟಿಮೀಟರಿಗೆ, ಒಳಗೆ ನೀರು ನುಗ್ಗುವ ಮೊದಲು, ಸುಮಾರು 680 ಕಿಲೋ ಭಾರವನ್ನು ನೀರು ಎತ್ತಿಕೊಳ್ಳುತ್ತದೆ. ವಾಹನದ ತೂಕ 1,800 ಕಿಲೋ ಎಂದಿಟ್ಟುಕೊಂಡರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಭಾರ ಟೈರುಗಳಿಂದ ಆಗಲೇ ಕಳೆದುಹೋಯಿತು. ಟೈರಿನ ಮೇಲೆ ಭಾರವಿಲ್ಲದಿದ್ದರೆ ನೆಲದ ಹಿಡಿತವಿಲ್ಲ. ಹಿಡಿತವಿಲ್ಲದ ಮೇಲೆ ನಾಲ್ಕು ಚಕ್ರಗಳಿಗೂ ಬಲವಿದ್ದು ಪ್ರಯೋಜನವೇನು? ಪಕ್ಕದಿಂದ ನುಗ್ಗುವ ನೀರು ಉಳಿದ ಕೆಲಸವನ್ನು ಮುಗಿಸುತ್ತದೆ. ವೇಗವಾಗಿ ಹರಿಯುವ 60 ಸೆಂಟಿಮೀಟರ್ ನೀರು ಬಹುತೇಕ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದು. ನಮ್ಮ ಮೊಣಕಾಲಿಗಿಂತ ಸ್ವಲ್ಪ ಮೇಲಕ್ಕೆ ಅಷ್ಟೇ.

ಕೆಂಪು ನೀರಿನಡಿ ಸೇತುವೆಯ ಹಾಸು ಇದೆಯೋ, ಕೊಚ್ಚಿಹೋಗಿದೆಯೋ ಕಾಣುವುದಿಲ್ಲ. ಆದ್ದರಿಂದ ತಳ ಕಾಣದ, ಸೆಳೆತವಿರುವ ನೀರಿಗೆ ವಾಹನ ಇಳಿಸಬಾರದು ಎಂಬುದೇ ನಿಯಮ. ನಿಂತ ಅಥವಾ ಮೆಲ್ಲನೆ ಹರಿಯುವ, ಆಳ ಗೊತ್ತಿರುವ ನೀರಿನಲ್ಲಿ ಲೋ ಗೇರಿನಲ್ಲಿ ಒಂದೇ ಹದದ ನಿಧಾನಗತಿಯಲ್ಲಿ ಸಾಗಬೇಕು. ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬಾರದು. ಸಿಲಿಂಡರಿನೊಳಗೆ ನೀರು ಸೇರಿದ್ದರೆ, ನೀರು ಗಾಳಿಯಂತೆ ಅದುಮಿಕೊಳ್ಳದ ಕಾರಣ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹಾಳಾಗುತ್ತದೆ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಒಣಗಿಸಿಕೊಳ್ಳಬೇಕು.

ಹೂತ ವಾಹನವನ್ನು ಎಳೆಯುವಾಗ

ಜೀಪು ಹೂತಿತೆಂದರೆ ಊರವರು ಓಡಿಬಂದು ಕೈಜೋಡಿಸುತ್ತಾರೆ. ಇದು ಮಲೆನಾಡಿನ ದೊಡ್ಡ ಗುಣ. ಅಪಾಯವೂ ಅಲ್ಲಿಯೇ ಇದೆ. ಬಿಗಿದ ಹಗ್ಗ ಅಥವಾ ಉಕ್ಕಿನ ಕೇಬಲ್ ತುಂಡಾದರೆ ಚಾಟಿಯಂತೆ ಹಿಂದಿರುಗುತ್ತದೆ. ಅದರ ತುದಿಗೆ ಕಟ್ಟಿದ ಕೊಕ್ಕೆ ಜೀವ ತೆಗೆಯಬಲ್ಲದು. ಹಗ್ಗದ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಎಲ್ಲರನ್ನೂ ನಿಲ್ಲಿಸುವುದು, ಕೇಬಲ್ಲಿನ ಮೇಲೆ ದಪ್ಪ ಕಂಬಳಿ ಅಥವಾ ಒದ್ದೆ ಗೋಣಿಚೀಲ ಹಾಕುವುದು, ಬಂಪರಿಗೆ ಕಟ್ಟದೆ ಚಾಸಿಗೆ ಸೇರಿದ ಎಳೆಯುವ ಕೊಕ್ಕೆಗೇ ಕಟ್ಟುವುದು, ಒಬ್ಬರೇ ಸೂಚನೆ ಕೊಡುವುದು, ಇವು ಖರ್ಚಿಲ್ಲದ ಕ್ರಮಗಳು. ಎಳೆಯುವುದಕ್ಕೂ ಮೊದಲು ಹಾರೆ, ಗುದ್ದಲಿ ಹಿಡಿದು ಚಕ್ರದ ಮುಂದಿನ ಮಣ್ಣು ತೆಗೆದು ಕಲ್ಲು ಹಾಕಿದರೆ ಹಲವು ಬಾರಿ ಹಗ್ಗದ ಅಗತ್ಯವೇ ಬೀಳುವುದಿಲ್ಲ.

'ಆಗುವುದಿಲ್ಲ' ಎನ್ನುವ ಹಕ್ಕು

ಇಷ್ಟೆಲ್ಲ ಹೇಳಿದುದರ ತಿರುಳು ಒಂದೇ. ಫೋರ್ ವೀಲ್ ವಾಹನವು ತರಬೇತಿಯಿಲ್ಲದವನನ್ನು ಇನ್ನಷ್ಟು ದೂರ ಒಯ್ದು ಸಿಕ್ಕಿಸುತ್ತದೆ. ಸಾಧಾರಣ ಕಾರು ಊರ ಬಳಿಯೇ ನಿಲ್ಲುತ್ತದೆ. ಜೀಪು ಮೊಬೈಲ್ ಸಂಪರ್ಕವೂ ಸಿಗದಲ್ಲಿ ನಿಲ್ಲುತ್ತದೆ. ತರಬೇತಿ ಪಡೆದ ಚಾಲಕನಿಗೆ ಎಲ್ಲಿ ಹೋಗಬಹುದೆಂಬುದು ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಲ್ಲಿ ಹಿಂದಿರುಗಬೇಕೆಂಬುದು ತಿಳಿಯುತ್ತದೆ.

ಆದರೆ ಚಾಲಕನಿಗೆ ತಿಳಿದರೆ ಸಾಕೇ? ಪಕ್ಕದ ಆಸನದಲ್ಲಿ ಕುಳಿತವರಿಗೂ ಅದು ಒಪ್ಪಿಗೆಯಾಗಬೇಕು. ಈ ಮಾತನ್ನು ಚಾಲಕರಿಗಿಂತ ಹೆಚ್ಚಾಗಿ ನನ್ನಂತಹ ಅಧಿಕಾರಿಗಳಿಗೂ ಜನಪ್ರತಿನಿಧಿಗಳಿಗೂ ಹೇಳುತ್ತಿದ್ದೇನೆ. ಸಭೆಗೆ ತಡವಾಗುತ್ತದೆ, ಮೇಲಿನವರು ಕಾಯುತ್ತಿದ್ದಾರೆ, ನಿನ್ನೆ ಇನ್ನೊಬ್ಬ ದಾಟಿಸಿದ್ದಾನೆ ಎಂದು ಒತ್ತಾಯಿಸುವವರು ನಾವೇ. ಬಾಡಿಗೆಗೆ ಬಂದ ಅಥವಾ ಹೊರಗುತ್ತಿಗೆಯ ಚಾಲಕ ಕೆಲಸ ಹೋದೀತೆಂಬ ಭಯದಿಂದ ಮರುಮಾತಾಡುವುದಿಲ್ಲ. ಹರಿಯುವ ನೀರಿನ ಮುಂದೆ ಅವನು 'ಸಾರ್, ಇಲ್ಲಿ ಆಗುವುದಿಲ್ಲ' ಎಂದರೆ ಅದನ್ನು ಅವಿಧೇಯತೆಯೆಂದು ಎಣಿಸಬಾರದು. ಅದು ವೃತ್ತಿಪರ ನಿರ್ಣಯ. ಆ ಕ್ಷಣದಲ್ಲಿ ಚಾಲಕನ ಮಾತೇ ಅಂತಿಮ ಎಂಬ ಒಂದು ನಿರ್ಣಯವನ್ನು ಪ್ರತಿ ಗ್ರಾಮ ಪಂಚಾಯತಿಯೂ ತನ್ನ ಸಾಮಾನ್ಯ ಸಭೆಯಲ್ಲಿ ದಾಖಲಿಸಬೇಕೆಂದು ವಿನಂತಿಸುತ್ತೇನೆ.

ನಾವು ಮಾಡಬಹುದಾದುದು

ನಮ್ಮ ಮುಂದೆ ಒಂದು ಮಾದರಿ ಇದೆ. ಸಂಜೀವಿನಿ ಸ್ವಸಹಾಯ ಸಂಘಗಳ ಮಹಿಳೆಯರು ಚಾಲನೆ ಕಲಿತು ಇಂದು ಸ್ವಚ್ಛವಾಹಿನಿ ವಾಹನಗಳನ್ನು ಊರೂರಿಗೆ ನಡೆಸುತ್ತಿದ್ದಾರೆ. ಗ್ರಾಮೀಣ ಚಾಲಕರ ತರಬೇತಿ ನಮ್ಮ ವ್ಯವಸ್ಥೆಗೆ ಹೊಸದಲ್ಲ. ಅದನ್ನು ಕಡಿದಾದ ಹಾದಿಗೂ ವಿಸ್ತರಿಸಬೇಕಾಗಿದೆ. ಸ್ವಚ್ಛವಾಹಿನಿಯು ಫೋರ್ ವೀಲ್ ಅಲ್ಲದಿದ್ದರೂ ಇಳಿಜಾರಿನ ಮತ್ತು ನೀರಿನ ಪಾಠಗಳು ಅದರ ಚಾಲಕಿಯರಿಗೂ ಬೇಕು.

ಪ್ರತಿ ವರ್ಷ ಮೇ ತಿಂಗಳ ಒಳಗೆ, ಹೋಬಳಿ ಮಟ್ಟದಲ್ಲಿ ಎರಡು ದಿನಗಳ ತರಬೇತಿ ನಡೆಯಲಿ. ಮೊದಲ ದಿನ ವಾಹನದ ಪರಿಚಯ, ಟೈರ್, ಬ್ರೇಕ್, ಹಗ್ಗ, ಕೊಕ್ಕೆಗಳ ತಪಾಸಣೆ ಹಾಗೂ ನೀರಿನ ಲೆಕ್ಕ. ಎರಡನೆಯ ದಿನ ದಿಣ್ಣೆ, ಗೊರಕಲು, ಕೆಸರಿನ ಅಭ್ಯಾಸ. ವಾಹನದಲ್ಲಿ ಚಾಲಕ ಮತ್ತು ತರಬೇತುದಾರರ ಹೊರತು ಯಾರೂ ಇರಬಾರದು. ಸೀಟ್ ಬೆಲ್ಟ್ ಕಡ್ಡಾಯ. ಸ್ಥಳಕ್ಕಾಗಿ ಕೆಲಸ ನಿಂತ ಕಲ್ಲುಗಣಿಯ ಅಂಚಿನ ಸಮತಟ್ಟು ಅಥವಾ ಒಪ್ಪಿಗೆ ನೀಡಿದ ಖಾಸಗಿ ಜಮೀನು ಸಾಕು. ಅರಣ್ಯದೊಳಗೆ, ಶೋಲಾ ಹುಲ್ಲುಗಾವಲಿನ ಮೇಲೆ ಚಕ್ರ ಹಾಯಬಾರದು. ಹುಲ್ಲು ಕಿತ್ತುಹೋದ ಜಾಡಿನಲ್ಲಿ ಮೊದಲ ಮಳೆಗೇ ನೀರು ಹರಿದು ಕೊರಕಲಾಗುತ್ತದೆ. ಇರುವ ಜಾಡು ಬಿಟ್ಟು ಇಳಿಯದಿರುವುದೂ ತರಬೇತಿಯ ಭಾಗವೇ. ಹೊಸ ವಾಹನ ಕೊಂಡು ಗುಡ್ಡ ಹತ್ತಲು ಬರುವ ಪ್ರವಾಸಿಗರಿಗೆ ಈ ಮಾತನ್ನು ಹೋಂಸ್ಟೇ ಮಾಲೀಕರು ತಿಳಿಹೇಳಬೇಕು.

ತರಬೇತುದಾರರು ಎಲ್ಲಿಂದ ಬರಬೇಕು? ಪರಿಣತ ಸಂಸ್ಥೆಗಳ ನೆರವು ಬೇಕು, ನಿಜ. ಆದರೆ ಕಳಸದ ಬೆಟ್ಟಗಳಲ್ಲಿ, ನೆರೆ ಜಿಲ್ಲೆಯ ಕೊಡಚಾದ್ರಿಯ ಹಾದಿಯಲ್ಲಿ ವರ್ಷಗಟ್ಟಲೆ ಜೀಪು ಓಡಿಸಿದ ಹಿರಿಯ ಚಾಲಕರು ನಮ್ಮ ನಡುವೆಯೇ ಇದ್ದಾರೆ. ಯಾವ ಮಣ್ಣು ಯಾವ ಮಳೆಗೆ ಜಾರುತ್ತದೆ, ಯಾವ ಹಳ್ಳ ಮಳೆ ನಿಂತ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದು ಅವರಿಗೆ ತಿಳಿದಿದೆ. ಅವರ ಅನುಭವಕ್ಕೆ ಶಾಸ್ತ್ರದ ಕ್ರಮವನ್ನು ಸೇರಿಸಿ, ಗೌರವಧನ ನೀಡಿ, ಅವರನ್ನೇ ಗುರುಗಳಾಗಿ ಕೂರಿಸೋಣ.

ಈ ಪ್ರಸ್ತಾವವನ್ನು ಮುಂದಿನ ಗ್ರಾಮ ಪಂಚಾಯತ್ ಅಭಿವೃದ್ಧಿ ಯೋಜನೆಯ ಚರ್ಚೆಯಲ್ಲಿ ಇಡಬೇಕೆಂದು ಎಲ್ಲ ಸಹೋದ್ಯೋಗಿಗಳನ್ನು ಕೋರುತ್ತೇನೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ತಮ್ಮ ವ್ಯಾಪ್ತಿಯ ಹಳ್ಳದ ದಾಟುಗಳಲ್ಲಿ ಆಳ ತೋರುವ ಬಣ್ಣದ ಗುರುತುಕಂಬಗಳನ್ನು ಈ ತಿಂಗಳೇ ನೆಡಿಸಬಹುದು. ಪ್ರತಿ ವಾಹನದಲ್ಲಿ ಒಂದು ಗುದ್ದಲಿ, ಒಂದು ಗಟ್ಟಿ ಹಗ್ಗ, ಒಂದು ಟಾರ್ಚ್ ಇರಿಸಬಹುದು. ಮಳೆಗಾಲಕ್ಕೆ ಮುನ್ನ ಚಾಲಕರನ್ನು ಕೂರಿಸಿಕೊಂಡು, ನಮ್ಮ ಪಂಚಾಯತಿಯಲ್ಲಿ ವಾಹನ ಹೋಗಬಾರದ ಜಾಗಗಳು ಯಾವುವು ಎಂದು ಕೇಳಿ ಬರೆದುಕೊಳ್ಳಬಹುದು. ಆ ಪಟ್ಟಿ ಪಂಚಾಯತ್ ಕಚೇರಿಯ ಗೋಡೆಯ ಮೇಲಿರಲಿ.