ಮಂಗಳವಾರದವರೆಗೆ ಕಾಯದ ಕಾಯಿಲೆ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನಾನು ಡಾಕ್ಟರಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ, ಸೇತುವೆ, ಕಟ್ಟಡ ಎಂದು ಓಡಾಡಿದವನು. ಆಸ್ಪತ್ರೆಗಳನ್ನೂ ಕಟ್ಟಿಸಿದ್ದೇನೆ. ಹೋದ ತಿಂಗಳು ಇಲ್ಲಿಯೇ ಭಕ್ತರೊಬ್ಬರು ಎದ್ದು, "ಊರ ಹೊರಗಿನ ಎರಡು ಎಕರೆ ಮಠಕ್ಕೆ ಬರೆದುಕೊಡ್ತೀನ್ರಿ, ಮನಸ್ಸಿನ ಬ್ಯಾನಿ ಇರೋರಿಗೆ ಒಂದು ಆಸ್ಪತ್ರೆ ಆಗಲಿ" ಎಂದರು. ಅಪ್ಪಗಳು ನನ್ನ ಕಡೆ ನೋಡಿದರು. ಇಂದಿನ ಮಾತು ಆ ನೋಟಕ್ಕೆ ಉತ್ತರ. ದಾನಿಗಳು ಇಲ್ಲೇ ಇದ್ದಾರೆ, ಅವರ ಮನಸ್ಸು ದೊಡ್ಡದು. ಆದರೂ ಆಸ್ಪತ್ರೆಯನ್ನು ಆ ಹೊಲದಲ್ಲಿ ಕಟ್ಟಬಾರದು ಎಂದು ವಾದಿಸಲಿಕ್ಕೇ ನಾನು ಬಂದಿದ್ದೇನೆ.

ಮೊದಲು ಈಗಿನ ಸ್ಥಿತಿ ನೋಡೋಣ. ರಾತ್ರಿ ಹನ್ನೊಂದು ಗಂಟೆ. ಇಪ್ಪತ್ತೆರಡರ ಹುಡುಗ, ಮೂರು ದಿನದಿಂದ ನಿದ್ದೆಯಿಲ್ಲ. ಯಾರೋ ತನ್ನನ್ನು ಬೈಯುತ್ತಿದ್ದಾರೆ ಎಂದು ಕಿವಿ ಮುಚ್ಚಿಕೊಂಡು ಓಡುತ್ತಾನೆ, ಅಡ್ಡ ಬಂದ ತಂದೆಯನ್ನೇ ತಳ್ಳುತ್ತಾನೆ. ಮನೆಯವರು ಏನು ಮಾಡಬೇಕು? ನಮ್ಮ ಓಣಿಯಲ್ಲಿ ನಾನು ಕಂಡಂತೆ, ಮೊದಲು ತಾಯತ, ಆಮೇಲೆ ದೆವ್ವ ಬಿಡಿಸುವವರ ಮನೆ. ಅಲ್ಲೂ ಆಗದಿದ್ದರೆ ನಾಲ್ಕು ಜನ ಹಿಡಿದು, ಟವೆಲ್ಲಿನಲ್ಲಿ ಕೈ ಕಟ್ಟಿ, ಬಾಡಿಗೆ ಗಾಡಿಯಲ್ಲಿ ಧಾರವಾಡಕ್ಕೆ. ಅಲ್ಲಿರುವುದು 1845ರಲ್ಲಿ ಶುರುವಾದ, ಇವತ್ತು ಡಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆ. ಅದಿಲ್ಲದಿದ್ದರೆ ಉತ್ತರ ಕರ್ನಾಟಕದ ಗತಿ ಏನಿತ್ತೋ! ಆದರೆ ನಮ್ಮಿಂದ ಅದು ಮೂರು ತಾಸಿನ ದಾರಿ. ಕೈ ಕಟ್ಟಿಸಿಕೊಂಡು ಮೂರು ತಾಸು ಕೂತವನು ಡಾಕ್ಟರನ್ನು ನಂಬುತ್ತಾನೆಯೆ?

ಕಟ್ಟುವುದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ದೇಶ 2001ರ ಆಗಸ್ಟ್ 6ರಂದು ಕಂಡಿತು. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಆಸುಪಾಸು ನಡೆಯುತ್ತಿದ್ದ ಒಂದು ಆಶ್ರಯಕೇಂದ್ರಕ್ಕೆ ಬೆಂಕಿ ಬಿತ್ತು. ಸರಪಳಿ ಹಾಕಿಸಿಕೊಂಡಿದ್ದ ರೋಗಿಗಳು ಓಡಲಾಗದೆ 28 ಜನ ಸತ್ತರು. ಅದು ಯಾವ ಧರ್ಮದವರ ಜಾಗ ಎಂದು ಯೋಚಿಸುವವರಿಗೆ ಒಂದು ಮಾತು: ದೆವ್ವ ಬಿಡಿಸಿಕೊಳ್ಳಲು ಹೋಗುವವರಲ್ಲಿ ಇಷ್ಟಲಿಂಗ ಕಟ್ಟಿದವರೂ ಇದ್ದಾರೆ. ಮಾಟ, ಮಂತ್ರ, ಮಾರಿ, ಮಸಣಿಗಳನ್ನು ಶರಣರು ತಳ್ಳಿಹಾಕಿ ಎಂಟುನೂರು ವರ್ಷವಾಯಿತು. ನಮ್ಮ ಮನೆಯ ಹೆಣ್ಣುಮಗಳಿಗೆ ಬಾಣಂತಿ ಸನ್ನಿ ಬಂದರೆ ಇವತ್ತಿಗೂ "ಗಾಳಿ ಸೋಕಿದೆ" ಎನ್ನುತ್ತೇವೆ. ಬಾಣಂತಿ ಸನ್ನಿ ತುರ್ತು ಕಾಯಿಲೆ, ಚಿಕಿತ್ಸೆಯಿಂದ ಚೆನ್ನಾಗಿ ಗುಣವಾಗುವ ಕಾಯಿಲೆ. ತಡ ಮಾಡಿದರೆ ತಾಯಿಗೂ ಅಪಾಯ, ಕೂಸಿಗೂ ಅಪಾಯ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಸರ್ಕಾರದ ಅನ್ನ ತಿಂದವನು ಎಂದಲ್ಲ, ಅದು ನಿಜವಲ್ಲ ಎಂದು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಔಷಧಿ ಕೊಡಬಹುದು ಎಂದು ನಿಮ್ಹಾನ್ಸ್‌ನವರು ಎಂಬತ್ತರ ದಶಕದಲ್ಲಿ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ನಮ್ಮಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮವಿದೆ. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಬೇಡ. ಈ ಸಂಖ್ಯೆಯನ್ನು ಈಗಲೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ, ನಾನು ಕಾಯುತ್ತೇನೆ.

ಆದರೆ ಕಾಯಿಲೆ ಮಂಗಳವಾರದವರೆಗೆ ಕಾಯುವುದಿಲ್ಲ. ಬುಧವಾರ ರಾತ್ರಿ ಉಲ್ಬಣಿಸಿದರೆ ಆರು ದಿನ ಯಾರ ಕೈಯಲ್ಲಿ? ಫೋನಿನಲ್ಲಿ ಸಮಾಧಾನ ಹೇಳಬಹುದು, ದಾರಿ ತೋರಿಸಬಹುದು. ಇಂಜೆಕ್ಷನ್ ಕೊಡಲು, ಮಲಗಿಸಲು, ಪಕ್ಕದಲ್ಲಿ ಕೂರಲು ಒಂದು ಜಾಗ ಬೇಕು. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಯಾವುದೋ ಒಂದು ಮಾನಸಿಕ ತೊಂದರೆ ಇದೆ. ಕಾಯಿಲೆ ಯಾವುದು ಎಂಬುದರ ಮೇಲೆ, ಅವರಲ್ಲಿ ನೂರಕ್ಕೆ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಕಾನೂನು ನಮ್ಮ ಪರವಾಗಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಜಾರಿಗೆ ಬಂದದ್ದು 2018ರ ಮೇ 29ಕ್ಕೆ. ಟೆಂಡರ್ ಷರತ್ತುಗಳನ್ನು ಓದಿ ಓದಿ ಬಂದ ಅಭ್ಯಾಸದಿಂದ ಇದನ್ನೂ ಕಲಮು ಕಲಮಾಗಿ ಓದಿದೆ. 21ನೇ ಕಲಮು: ದೇಹದ ಕಾಯಿಲೆಗೆ ಎಂಥ ತುರ್ತು ಸೇವೆ, ಎಂಥ ಆಂಬ್ಯುಲೆನ್ಸ್ ಇದೆಯೋ, ಮನಸ್ಸಿನ ಕಾಯಿಲೆಗೂ ಅದೇ ಗುಣಮಟ್ಟದ್ದು ಸಿಗಬೇಕು. 94: ತುರ್ತು ಸಂದರ್ಭದಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು, ಮನೋವೈದ್ಯರೇ ಇರಬೇಕೆಂದಿಲ್ಲ. 95: ಸರಪಳಿ ಯಾವ ರೂಪದಲ್ಲೂ ಕೂಡದು. 100: ಬೀದಿಯಲ್ಲಿ ಅಲೆಯುವ ರೋಗಿಯನ್ನು ಪೊಲೀಸರು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಮುಟ್ಟಿಸಿದ ಮೇಲೆ ಅಲ್ಲಿ ಏನಿದೆ? ಸಾಮಾನ್ಯ ವಾರ್ಡಿನಲ್ಲಿ ಹೆರಿಗೆಯವರ, ಜ್ವರದವರ ನಡುವೆ ಒಂದು ಮಂಚ. ಅಕ್ಕಪಕ್ಕದವರು ಗಲಾಟೆ ಮಾಡುತ್ತಾರೆ, ಬೆಳಗಾಗುವುದರೊಳಗೆ "ಮುಂದಕ್ಕೆ ಒಯ್ಯಿರಿ" ಎಂದು ಚೀಟಿ ಬರೆಯುತ್ತಾರೆ.

ಅದಕ್ಕೇ ನನ್ನ ಸೂಚನೆ: ತಾಲೂಕು ಆಸ್ಪತ್ರೆಯ ಕಾಂಪೌಂಡಿನೊಳಗೆ, ಅಪಘಾತ ವಿಭಾಗಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ, ಆರು ಹಾಸಿಗೆಯ ಒಂದು ಪ್ರತ್ಯೇಕ ತುರ್ತು ಮಾನಸಿಕ ಆರೈಕೆ ಘಟಕ. ಹೊಲದಲ್ಲಿ ಯಾಕೆ ಬೇಡ? ಹುಚ್ಚು ಎಂದು ಕಾಣುವುದೆಲ್ಲ ಮನೋರೋಗವಲ್ಲ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದರೂ ತಾಳತಪ್ಪಿ ಮಾತಾಡುತ್ತಾರೆ. ಮಿದುಳಿಗೆ ಏರಿದ ಜ್ವರವಿರಬಹುದು, ತಲೆಗೆ ಬಿದ್ದ ಪೆಟ್ಟಿರಬಹುದು. ದಿನವೂ ಕುಡಿಯುವವನು ಒಮ್ಮೆಲೇ ಬಿಟ್ಟರೆ ಎರಡು ಮೂರನೇ ದಿನಕ್ಕೆ ಕೈಕಾಲು ನಡುಗಿ, ಇಲ್ಲದ ಹುಳ ಹುಪ್ಪಡಿ ಕಾಣತೊಡಗುತ್ತವೆ. ಅದರಲ್ಲಿ ಪ್ರಾಣ ಹೋಗುವುದೂ ಉಂಟು. ಮದ್ಯವರ್ಜನ ಶಿಬಿರ ಮಾಡುವ ಮಠಗಳು ಇದನ್ನು ಗಮನಿಸಬೇಕು. ಇದನ್ನೆಲ್ಲ ಬೇರ್ಪಡಿಸಲು ಪ್ರಯೋಗಾಲಯ, ಫಿಜಿಶಿಯನ್, ಆಮ್ಲಜನಕ ಪಕ್ಕದಲ್ಲೇ ಇರಬೇಕು. ಎರಡನೆಯ ಕಾರಣ, ಊರ ಹೊರಗೆ ಕಟ್ಟಿದ್ದು ಊರಿನ ಮನಸ್ಸಿನಿಂದಲೂ ಹೊರಗೆ ಹೋಗುತ್ತದೆ. ಬ್ರಿಟಿಷರ ಕಾಲದ ಎತ್ತರದ ಗೋಡೆಯ ಹುಚ್ಚಾಸ್ಪತ್ರೆಗಳು ಹಾಗೇ ಆದದ್ದು.

ಕಟ್ಟಡದ ಬಗ್ಗೆ ಸ್ವಲ್ಪ ಹೇಳಲೇಬೇಕು, ಅದು ನನ್ನ ಕಸುಬು. ನೆಲಮಹಡಿಯಲ್ಲೇ ಇರಬೇಕು. ಒಳಬರುವ ಬಾಗಿಲು ಬೇರೆ, ಜನಜಂಗುಳಿಯ ಹೊರರೋಗಿ ವಿಭಾಗದ ಮುಂದೆ ಹಾದುಬರುವಂತಿರಬಾರದು. ಸ್ನಾನದ ಮನೆಯ ಚಿಲಕ ಹೊರಗಿನಿಂದಲೂ ತೆರೆಯುವಂತಿರಬೇಕು. ರೋಗಿ ತನಗೆ ತಾನೇ ಅಪಾಯ ಮಾಡಿಕೊಳ್ಳಲು ಆಸ್ಪದವಿಲ್ಲದ ಫ್ಯಾನು, ನಲ್ಲಿ, ಕಿಟಕಿಗಳನ್ನು ಅಂದಾಜು ಪಟ್ಟಿಯಲ್ಲೇ ನಮೂದಿಸಬೇಕು. ಆಮೇಲೆ ಸೇರಿಸುತ್ತೇವೆ ಎಂದರೆ ಯಾರೂ ಸೇರಿಸುವುದಿಲ್ಲ. ಆದರೆ ಜೈಲಿನ ಸರಳು ಬೇಡ. ಬೆಳಕು ಬೇಕು, ಒಂದು ಗಿಡ ಕಾಣಬೇಕು. ಒಂದು ಕೋಣೆಯಲ್ಲಿ ತೊಟ್ಟಿಲಿಗೆ ಜಾಗವಿರಲಿ, ಯಾಕೆಂದರೆ ಮೂರು ವರ್ಷದೊಳಗಿನ ಮಗುವನ್ನು ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದು ಎಂದು ಅದೇ ಕಾಯ್ದೆ ಹೇಳುತ್ತದೆ.

ಇಷ್ಟಾದರೂ ಕಟ್ಟಡವೇ ಎಲ್ಲಕ್ಕಿಂತ ಸುಲಭದ ಭಾಗ. ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಉದ್ಘಾಟನೆ ಮಾಡುವುದು ನಮಗೆ ಚೆನ್ನಾಗಿ ಗೊತ್ತು. ಲೆಕ್ಕ ಹಾಕಿ ನೋಡಿ: ವಾರಕ್ಕೆ 168 ಗಂಟೆ. ಒಬ್ಬ ನರ್ಸ್ 48 ಗಂಟೆ ದುಡಿದರೆ, ಒಂದು ಕುರ್ಚಿ ಸದಾ ತುಂಬಿರಲು ಮೂರೂವರೆ ಜನ ಬೇಕು. ರಜೆ, ಕಾಯಿಲೆ, ತರಬೇತಿ ಸೇರಿಸಿದರೆ ನಾಲ್ಕೂವರೆ. ಪ್ರತಿ ಪಾಳಿಗೆ ಇಬ್ಬರು ಎಂದರೆ ಒಂಬತ್ತು ನರ್ಸುಗಳು. ಈ ಒಂಬತ್ತು ಹುದ್ದೆ ಮಂಜೂರಾಗದೆ ಅಡಿಗಲ್ಲು ಇಡುವುದಕ್ಕೆ ನಾನು ಒಪ್ಪುವುದಿಲ್ಲ.

ಇನ್ನು ಕೀಟನಾಶಕ ಕುಡಿದು ಬದುಕಿ ಬಂದವರ ವಿಷಯ. ನಮ್ಮ ಡಾಕ್ಟರುಗಳು ದಿನಗಟ್ಟಲೆ ಒದ್ದಾಡಿ ಉಳಿಸುತ್ತಾರೆ. ಆಮೇಲೆ ರೈತ ಮನೆಗೆ ಹೋಗುತ್ತಾನೆ. ಸಾಲ ಅಲ್ಲೇ ಇದೆ, ಅವಮಾನವೂ ಸೇರಿಕೊಂಡಿದೆ. ಆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ಕಲಮು ಈಗಿನ ನ್ಯಾಯ ಸಂಹಿತೆಯಲ್ಲಿಲ್ಲ, ಹೆದರಿ ಮುಚ್ಚಿಡಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಐದು ಕಡೆ, ಅದರಲ್ಲಿ ಚೆನ್ನೈ ಒಂದು, ಹೀಗೆ ಬದುಕಿ ಬಂದವರನ್ನು ಹದಿನೆಂಟು ತಿಂಗಳು ಗಮನಿಸಿತು. ಒಂದು ತಾಸಿನ ಮಾತುಕತೆ, ಆಮೇಲೆ ಆಗಾಗ ಫೋನು ಅಥವಾ ಭೇಟಿ, ಇಷ್ಟೇ ಮಾಡಿದ್ದು. ಹಾಗೆ ಕೇಳುವವರಿದ್ದ ಗುಂಪಿನಲ್ಲಿ ಆತ್ಮಹತ್ಯೆಯ ಸಾವುಗಳು ಕಡಿಮೆಯಾದವು. ನಮ್ಮ ಘಟಕದಿಂದ ಬಿಡುಗಡೆಯಾದ ಪ್ರತಿಯೊಬ್ಬರ ಹೆಸರಿನ ಮುಂದೆ ಮುಂದಿನ ಫೋನಿನ ತಾರೀಖು ಇರಬೇಕು.

ಮಠ ಏನು ಮಾಡಬೇಕು? ಘಟಕಕ್ಕೆ ಮಠದ ಹೆಸರು ಬೇಡ, ಅಲ್ಲಿಗೆ ಎಲ್ಲ ಜಾತಿ ಮತದವರು ಸಂಕೋಚವಿಲ್ಲದೆ ಬರಬೇಕು. ರೋಗಿಯ ಜೊತೆ ಬಂದವರಿಗೆ ಎರಡು ಹೊತ್ತಿನ ದಾಸೋಹ, ಮಲಗಲು ಜಾಗ ನಮ್ಮದಾಗಲಿ. ಹೊಲವನ್ನೂ ಬೇಡ ಎನ್ನುತ್ತಿಲ್ಲ. ಚೇತರಿಸಿಕೊಂಡು ಮನೆಗೆ ಹೋಗುವ ಮುನ್ನ ಕೆಲವು ವಾರ ಇದ್ದು, ಕೈಗೆ ಕಾಯಕ ಹತ್ತಿಸಿಕೊಳ್ಳುವ ಮನೆಗೆ ಅದು ಒಳ್ಳೆಯ ಜಾಗ. ಅದನ್ನೂ ಕಾಯ್ದೆಯ ಪ್ರಕಾರ ನೋಂದಾಯಿಸಿಯೇ ನಡೆಸಬೇಕು. ಬರುವವರ ವಿಳಾಸವನ್ನು ಮಾತ್ರ ದಾಖಲೆಯಲ್ಲಿ ಗುಟ್ಟಾಗಿಡಬೇಕು. ನಮ್ಮಲ್ಲಿ ಸಂಬಂಧ ಕೂಡಿಸುವಾಗ ಜನ ಏನೇನು ಕೇಳುತ್ತಾರೆ ಎಂಬುದು ಈ ಸಭೆಯಲ್ಲಿ ಎಲ್ಲರಿಗೂ ಗೊತ್ತು.

ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಕೊಡುವ ಮನವಿಯನ್ನು ಬರೆದು ತಂದಿದ್ದೇನೆ. ನಕ್ಷೆ ಮೂರು ಹಾಳೆ, ಹುದ್ದೆಗಳ ಪಟ್ಟಿ ಒಂದು ಹಾಳೆ. ಪ್ರಸಾದವಾದ ಮೇಲೆ ಎಡಗಡೆಯ ಪಡಸಾಲೆಯಲ್ಲಿ ಕೂತಿರುತ್ತೇನೆ. ಸಹಿ ಹಾಕುವವರು ಮೊದಲು ಓದಿ, ತಪ್ಪಿದ್ದರೆ ಹೇಳಿ, ಆಮೇಲೆ ಹಾಕಿ.