ಕೈಯ ಅಭ್ಯಾಸವೂ ಕಾಯಕಧರ್ಮವೂ

 

ಕಾಯಕವನ್ನು ಪೂಜೆಯೆಂದು ಬಗೆದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬನು. ವೈದ್ಯನ ಕಾಯಕಕ್ಕೆ ವಿಶೇಷವಾದ ಕಷ್ಟವೊಂದುಂಟು. ಬೀದರಿನ ಬಿದರಿ ಕುಶಲಕರ್ಮಿಯ ಉಳಿ ಜಾರಿದರೆ ಪಾತ್ರೆಯೊಂದು ಕೆಡುವುದು; ಶಸ್ತ್ರವೈದ್ಯನ ಕೈ ಜಾರಿದರೆ ಔರಾದ ಸೀಮೆಯ ರೈತನೊಬ್ಬನ ಮನೆಯ ದೀಪವೇ ಆರುವುದು. ಹಾಗಾದರೆ ಹೊಸ ವೈದ್ಯನು ಯಾರ ಮೈಮೇಲೆ ಕಲಿಯತಕ್ಕದ್ದು?

ಸುಶ್ರುತಸಂಹಿತೆಯು ಇದಕ್ಕೆ ಬಹು ಹಿಂದೆಯೇ ಉತ್ತರವಿತ್ತಿದೆ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ, ರಕ್ತನಾಳ ಚುಚ್ಚುವುದನ್ನು ಕಮಲದ ದಂಟಿನಲ್ಲಿ, ಹೊಲಿಗೆಯನ್ನು ದಪ್ಪ ಬಟ್ಟೆ ಮತ್ತು ಮೆದುದೊಗಲಿನಲ್ಲಿ, ಕಟ್ಟು ಕಟ್ಟುವುದನ್ನು ಗೊಂಬೆಯ ಮೇಲೆ ಕಲಿಸಬೇಕೆಂದು ಅದು ವಿಧಿಸಿದೆ. ಒಂದೊಂದು ಕ್ರಿಯೆಗೆ ತಕ್ಕ ಒಂದೊಂದು ವಸ್ತುವೆಂಬುದೇ ಇದರ ಮರ್ಮ.

ಆ ಕುಂಬಳದ ಸ್ಥಾನದಲ್ಲಿ ಇಂದು ವರ್ಚುವಲ್ ರಿಯಾಲಿಟಿ ಎಂಬ ಗಣಕಯಂತ್ರವೂ ಬಂದು ನಿಂತಿದೆ. ಸಣ್ಣ ರಂಧ್ರಗಳ ಮೂಲಕ ಮಾಡುವ ಉದರಚಿಕಿತ್ಸೆಯನ್ನು ಶಿಷ್ಯನು ಪರದೆಯ ಮುಂದೆ ಅಭ್ಯಾಸ ಮಾಡುವನು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 16 ಮಂದಿ ಕಿರಿಯ ಶಸ್ತ್ರವೈದ್ಯರ ಮೇಲೆ ನಡೆದ ಪರೀಕ್ಷೆಯ ಫಲವು 2002ರಲ್ಲಿ ಪ್ರಕಟವಾಯಿತು. ಯಂತ್ರದಲ್ಲಿ ಪಳಗಿದವರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಶೇಕಡಾ 29ರಷ್ಟು ಬೇಗ ಮುಗಿಸಿದರು; ಪಳಗದವರು ಅದಕ್ಕೆ ಗಾಯ ಮಾಡುವ ಇಲ್ಲವೆ ಪಕ್ಕದ ಮಾಂಸವನ್ನು ಸುಡುವ ಸಂಭವವು 5 ಪಟ್ಟು ಅಧಿಕವಾಗಿತ್ತು.

ಇಲ್ಲಿ ವಿಚಾರಿಸತಕ್ಕ ಸಂಗತಿಯೊಂದಿದೆ. ಆ ಯಂತ್ರದ ಪರದೆಯಲ್ಲಿ ಪಿತ್ತಕೋಶವೇ ಇರಲಿಲ್ಲ. ಗೋಳ ಮುಂತಾದ ಬರಿಯ ಆಕೃತಿಗಳಿದ್ದವು. ಯಂತ್ರದಿಂದ ದೇಹಕ್ಕೆ ದಾಟಿದ್ದು ಚಿತ್ರವಲ್ಲ, ಕೈಕಣ್ಣುಗಳ ಸಂಯಮ. ಎರಡೂ ಕಡೆ ಸಮಾನವಾದುದು ದಾಟುವುದು. ಯಂತ್ರದಲ್ಲಿಲ್ಲದ ಮಾಂಸದ ಮೃದುತ್ವ, ರಕ್ತದ ಹರಿವು ದಾಟಲಾರವು. ಒಂದು ಯಂತ್ರದಲ್ಲಿ ಗೆದ್ದವನು ಹಿಡಿಕೆ ಬೇರೆಯಾದ ಇನ್ನೊಂದರಲ್ಲಿ ತಡವರಿಸುವುದೂ ಉಂಟು. ತಟ್ಟೆಯ ಮೇಲೆ ಬಳ್ಳಿ ಕೊರೆದವನು ಹೂಜಿಯ ದುಂಡುಮೈಯನ್ನು ಮತ್ತೆ ಕಲಿಯಬೇಕಲ್ಲವೆ? ಆದಕಾರಣ ಯಂತ್ರವು ಕೊಟ್ಟ ಅಂಕವೇ ಯೋಗ್ಯತೆಯಲ್ಲ. ಬೇರೊಂದು ಸಾಧನದಲ್ಲಿಯೂ ಕೈಯನ್ನು ಪರೀಕ್ಷಿಸಿ, ಗುರುವು ಪಕ್ಕದಲ್ಲಿ ನಿಂತಿರುವಾಗಲೇ ಶಿಷ್ಯನು ರೋಗಿಯನ್ನು ಮುಟ್ಟತಕ್ಕದ್ದು.

ಬೀದರಿನಲ್ಲಿ 2007ರಲ್ಲಿ ಸರಕಾರದ ವೈದ್ಯವಿದ್ಯಾಲಯವು ಆರಂಭವಾಯಿತು. 2019ರ ಶಿಕ್ಷಣಕ್ರಮವು ದೇಶದ ವೈದ್ಯವಿದ್ಯಾಲಯಗಳಿಗೆ ಕೌಶಲ ಅಭ್ಯಾಸಶಾಲೆಯನ್ನು ಕಡ್ಡಾಯ ಮಾಡಿದೆ. ನಿಜಾಮರ ಆಳಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಹಲಗೆ ಹಾಕಿಸಿ, ಒಳಗೆ ಕನ್ನಡ ಕಲಿಸಿದುದನ್ನು ಈ ನಾಡು ಮರೆತಿಲ್ಲ. ಹಲಗೆ ಯಾವುದಾದರೇನು, ಒಳಗಿನ ಕಲಿಕೆಯೇ ಮುಖ್ಯ. ಯಂತ್ರದ ವಿಷಯದಲ್ಲಿಯೂ ಇದೇ ನ್ಯಾಯ. ಬಡವನ ದೇಹವು ಕಲಿಯುವವನ ಹಲಗೆಯಾಗದಿರಲಿ. ಅಂಥ ಅಭ್ಯಾಸಕ್ಕೆ ನೆರವಾಗುವುದೂ ಭಕ್ತರ ದಾಸೋಹವೇ ಸರಿ.