ಮಂಕಾದ ಎಲ್‌ಇಡಿ: ದೋಷಶೋಧನೆಯ ಪಾಠ
(ವಿಜ್ಞಾನ ಶಿಕ್ಷಕರ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ವಿಜ್ಞಾನ ಪ್ರದರ್ಶನಕ್ಕಾಗಿ ಪ್ರೌಢಶಾಲಾ ವಿದ್ಯಾರ್ಥಿಗಳು ಆಸಕ್ತಿಯಿಂದ ಕಟ್ಟುವ ಮಾದರಿಗಳಲ್ಲಿ ಧ್ವನಿಮಟ್ಟ ಸೂಚಕವೂ ಒಂದು. ಹಾಡಿನ ಏರಿಳಿತಕ್ಕೆ ತಕ್ಕಂತೆ ಹತ್ತು ಎಲ್‌ಇಡಿಗಳನ್ನು ಸಾಲಾಗಿ ಬೆಳಗಿಸುವುದು ಎಲ್‌ಎಂ3915 ಎಂಬ ಐಸಿ. ಒಂದು ದೀಪಕ್ಕೂ ಮುಂದಿನದಕ್ಕೂ 3 ಡೆಸಿಬೆಲ್ ಅಂತರ. ದೀಪಗಳು ಮಂಕಾಗಿ ಉರಿದರೆ ವಿದ್ಯಾರ್ಥಿಯು ಮೊದಲು ಎಲ್‌ಇಡಿಗಳನ್ನೇ ಬದಲಿಸುತ್ತಾನೆ. ಅದೂ ಫಲಿಸದಿದ್ದರೆ ತನ್ನಿಂದಾಗದೆಂದು ಕೈಬಿಡುತ್ತಾನೆ. ಶಿಕ್ಷಕರ ನೆರವು ಒದಗಬೇಕಾದುದು ಆ ಗಳಿಗೆಯಲ್ಲಿ.

ಮೊದಲು ದೋಷವಿರುವ ಭಾಗವನ್ನು ಗುರುತಿಸಬೇಕು. ಪೂರ್ಣ ಅಳತೆ 1.25 ವೋಲ್ಟ್ ಇರುವ ಸರಳ ಮಂಡಲದಲ್ಲಿ, ಧ್ವನಿಯ ತಂತಿಯನ್ನು ಬಿಡಿಸಿ, 5ನೆಯ ಕಾಲಿಗೆ 1.5 ವೋಲ್ಟ್ ಕೋಶದ ಧನ ತುದಿಯನ್ನೂ ಭೂತಂತಿಗೆ ಋಣ ತುದಿಯನ್ನೂ ಜೋಡಿಸಬೇಕು. ಆಗಲೂ ಬೆಳಕು ಮಂಕಾಗಿದ್ದರೆ ದೋಷವು ಪ್ರವಾಹದಲ್ಲಿದೆ ಅಥವಾ ವಿದ್ಯುತ್ ಪೂರೈಕೆಯಲ್ಲಿದೆ. ಬೆಳಕು ಪ್ರಖರವಾದರೆ ದೋಷವು ಧ್ವನಿ ಬರುವ ದಾರಿಯಲ್ಲಿದೆ.

ಪ್ರವಾಹವನ್ನು ನಿರ್ಧರಿಸುವುದು 7 ಮತ್ತು 8ನೆಯ ಕಾಲುಗಳ ನಡುವಣ ರೋಧಕ. ಅದರ ಮೇಲೆ 1.25 ವೋಲ್ಟ್ ಇರುತ್ತದೆ. 7ನೆಯ ಕಾಲಿನಿಂದ ಹರಿಯುವ ಪ್ರವಾಹದ ಸುಮಾರು ಹತ್ತು ಪಟ್ಟು ಪ್ರತಿ ಎಲ್‌ಇಡಿಯಲ್ಲಿ ಹರಿಯುತ್ತದೆ. 1.2 ಕಿಲೋಓಮ್ ಇದ್ದರೆ ಸುಮಾರು 10 ಮಿಲಿಆಂಪಿಯರ್. 12 ಕಿಲೋಓಮ್ ಇದ್ದರೆ ಸುಮಾರು ಒಂದೇ ಮಿಲಿಆಂಪಿಯರ್. ಮೊದಲನೆಯದರ ಪಟ್ಟಿಗಳು ಕಂದು, ಕೆಂಪು, ಕೆಂಪು. ಎರಡನೆಯದರವು ಕಂದು, ಕೆಂಪು, ಕಿತ್ತಳೆ. ಮಬ್ಬು ಬೆಳಕಿನ ಕೊಠಡಿಯಲ್ಲಿ ಕೆಂಪು, ಕಿತ್ತಳೆಗಳ ಭೇದ ತಿಳಿಯದು. ಆದ್ದರಿಂದ ರೋಧಕವನ್ನು ಮಲ್ಟಿಮೀಟರಿನಿಂದ ಅಳೆಯುವುದೇ ಕ್ಷೇಮ. ಬ್ಯಾಟರಿಯ ವೋಲ್ಟೇಜನ್ನು ದೀಪಗಳು ಉರಿಯುತ್ತಿರುವಾಗಲೇ ಅಳೆಯಬೇಕು. ಹತ್ತೂ ಉರಿದಾಗ 100 ಮಿಲಿಆಂಪಿಯರ್ ಬೇಕು. 9 ವೋಲ್ಟಿನ ಸಣ್ಣ ಬ್ಯಾಟರಿ ಅಷ್ಟು ಭಾರಕ್ಕೆ ಬೇಗ ಕುಸಿಯುತ್ತದೆ.

ಕೋಶಕ್ಕೆ ಪ್ರಖರವಾಗಿ ಬೆಳಗಿ ಹಾಡಿಗೆ ಮಂಕಾದರೆ ಕಾರಣ ಬೇರೆ. ಧ್ವನಿಸಂಕೇತವು ಪರ್ಯಾಯ ಪ್ರವಾಹ. ಅದರ ಋಣ ಭಾಗದಲ್ಲಿ ದೀಪ ಉರಿಯದು. ಧನ ಭಾಗದಲ್ಲಿಯೂ ಅಲೆಯು ತಕ್ಕ ಎತ್ತರ ಮುಟ್ಟಿದ ಕ್ಷಣದಲ್ಲಿ ಮಾತ್ರ ಉರಿಯುತ್ತದೆ. ಈ ಮಿನುಗು ಕಣ್ಣಿಗೆ ಮಂಕು ಬೆಳಕಾಗಿ ತೋರುತ್ತದೆ. ಡಯೋಡ್ ಮತ್ತು ಧಾರಕಗಳಿಂದ ಅಲೆಯ ಶಿಖರವನ್ನು ಹಿಡಿದಿಡುವ ಘಟ್ಟವೇ ಇದಕ್ಕೆ ಪರಿಹಾರ.

ಕಾರಣ ಅರಿಯದೆ ರೋಧಕವನ್ನು ಅರ್ಧಕ್ಕಿಳಿಸುವುದು ಅಪಾಯಕರ. 12 ವೋಲ್ಟ್ ಪೂರೈಕೆಯಲ್ಲಿ ಪ್ರತಿ ದೀಪಕ್ಕೆ 10 ಮಿಲಿಆಂಪಿಯರ್ ಹರಿದಾಗಲೇ ಐಸಿಯಲ್ಲಿ ಸುಮಾರು 1 ವ್ಯಾಟ್ ಶಾಖ ಉಂಟಾಗುತ್ತದೆ. ಅದರ ಮಿತಿ ಸುಮಾರು 1.3 ವ್ಯಾಟ್.

ಗಡಿನಾಡಿನ ಶಾಲೆಗಳಿಗೆ ಇದರಲ್ಲಿ ಇನ್ನೊಂದು ಪ್ರಯೋಜನವಿದೆ. ಕಾಸರಗೋಡು, ಹೊಸೂರು, ಅಕ್ಕಲಕೋಟೆಗಳ ಅಂಗಡಿಯಲ್ಲಿ ಮಗು 'ರೆಸಿಸ್ಟರ್' ಎಂದೇ ಕೇಳುತ್ತದೆ; ತರಗತಿಯಲ್ಲಿ 'ರೋಧಕ' ಎಂದು ಓದುತ್ತದೆ. ಎರಡೂ ಇರಲಿ. ಆದರೆ ತರ್ಕ ಕನ್ನಡದಲ್ಲಿ ಸಾಗಲಿ. 'ರೋಧ ಹೆಚ್ಚಿದ್ದುದರಿಂದ ಪ್ರವಾಹ ತಗ್ಗಿತು, ಆದ್ದರಿಂದ ಬೆಳಕು ಕುಂದಿತು' ಎಂದು ಮಗು ತಾನೇ ಬರೆದಾಗ, ಕನ್ನಡವು ಪದ್ಯ, ಗದ್ಯಗಳಿಗಷ್ಟೇ ಸಲ್ಲುವುದೆಂಬ ಅಳುಕು ಅಳಿಯುತ್ತದೆ. ಕಂಡದ್ದು, ಅಳೆದದ್ದು, ತಿಳಿದ ಕಾರಣ ಎಂಬ ಮೂರು ಅಂಕಣಗಳನ್ನು ಪ್ರತಿ ವಿದ್ಯಾರ್ಥಿಯ ಪುಸ್ತಕದಲ್ಲಿ ಬರೆಸುವುದು ಉಚಿತ. ಮೂರನೆಯ ಅಂಕಣವನ್ನು ಶಿಕ್ಷಕರು ತುಂಬಿಸಿಕೊಡದಿರಲಿ.